ಚಿಮ್ಮಡದಲ್ಲಿ ನಾನು ಶಿರಾ ಮುಟ್ಟದಿದ್ದುದು

ನಮ್ಮ ಕಡೆ ಮನುಷ್ಯ ಬಡ್ತಿ ಬೇಡವೆನ್ನಬಹುದು, ಚುನಾವಣೆಗೆ ನಿಲ್ಲುವುದಿಲ್ಲವೆನ್ನಬಹುದು, ಜನ ನಂಬುತ್ತಾರೆ. ಮುಂದಿಟ್ಟ ತಟ್ಟೆ ಬೇಡವೆಂದರೆ ಮಾತ್ರ ನಂಬುವುದಿಲ್ಲ. ನಾಚಿಕೆಯಿರಬೇಕೆಂದು ಇನ್ನೊಂದು ಸೌಟು ಹಾಕುತ್ತಾರೆ. ಐವತ್ತು ದಾಟುವವರೆಗೆ ನಾನು ಈ ಪದ್ಧತಿಯ ದೊಡ್ಡ ಅಭಿಮಾನಿ. ಜಮಖಂಡಿಯ ಕಾಲೇಜೊಂದರ ಆಫೀಸಿನಲ್ಲಿ ಕುಳಿತು ಮಾಡುವ ಕೆಲಸ. ಎದ್ದರೆ ನಾಷ್ಟಾಕ್ಕೆ, ಮತ್ತೆ ಎದ್ದರೆ ಚಹಾಕ್ಕೆ. ಬಾಗಿ ಬೂಟಿನ ಲೇಸು ಕಟ್ಟಲಾರದೆ ಚಪ್ಪಲಿಗೆ ಬಂದು, ಅದನ್ನು ಸರಳ ಜೀವನವೆಂದು ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ನನ್ನ ರಕ್ತದ ಸಕ್ಕರೆ ನೋಡಿದ ಡಾಕ್ಟರು, "ಗುಳಿಗಿ ಚಾಲೂ ಮಾಡೂಣೋ, ಬಾಯಿ ಬಂದ್ ಮಾಡ್ತೀರೋ?" ಎಂದು ಕೇಳಿದರು. ನಾನು ಬಾಯಿಯನ್ನೇ ಆರಿಸಿಕೊಂಡೆ. ರಾತ್ರಿ ಬೇಗ ಉಂಡರೆ ಮರುದಿನ ಮಧ್ಯಾಹ್ನದವರೆಗೆ ನೀರು, ಸಕ್ಕರೆಯಿಲ್ಲದ ಚಹಾ ಬಿಟ್ಟು ಏನೂ ಇಲ್ಲ. ಇದಕ್ಕೆ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅನ್ನುತ್ತಾರೆಂದು ಹೆಂಡತಿಗೆ ವಿವರಿಸಿದೆ. "ಹೆಸರೇನೋ ಉದ್ದ ಐತಿ, ನೀವು ಎರಡ ದಿನಕ್ಕ ಬಿಡ್ತೀರಿ," ಎಂದಳು. ಆ ಒಂದು ಮಾತಿಗೇ ನಾನು ಬಿಡಲಿಲ್ಲ. ಮೊದಮೊದಲು ಪಕ್ಕದ ಮೇಜಿನವರ ಒಗ್ಗರಣೆ ಚುರಮರಿಯ ವಾಸನೆಗೆ ಒಂದೇ ಫೈಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಆಮೇಲೆ ತಿಳಿಯಿತು, ಹಸಿವೆ ಅರ್ಜಿ ಹಿಡಿದು ಬಂದವರ ಹಾಗೆ. ತಲೆ ಎತ್ತಿ ನೋಡದಿದ್ದರೆ ಸ್ವಲ್ಪ ಹೊತ್ತು ನಿಂತು ತಾನೇ ಹೊರಗೆ ಹೋಗಿ ಕೂರುತ್ತದೆ.

ಹೊಟ್ಟೆ ಇಳಿಯತೊಡಗಿದ್ದ ಆ ದಿನಗಳಲ್ಲೇ ಬೀಳಗಿಯಿಂದ ಅಕ್ಕ ಫೋನು ಮಾಡಿದಳು. ಅವಳ ಮಗ ಸಿದ್ದುಗೆ ಚಿಮ್ಮಡದಲ್ಲೊಂದು ಹೆಣ್ಣಿದೆ, ಸೋದರಮಾವ ಬರಲೇಬೇಕು. ಸಿದ್ದು ದನಕರುಗಳ ಡಾಕ್ಟರು. ಕೋಣದ ಮುಂದೆ ಧೈರ್ಯವಾಗಿ ನಿಲ್ಲುವ ಹುಡುಗ ಹೆಣ್ಣಿನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಹೋದಲ್ಲೆಲ್ಲ ಶಿರಾ, ಉಪ್ಪಿಟ್ಟು ತಿಂದು, ಚಹಾ ಕುಡಿದು, ಅರ್ಧ ತಾಸಿನಲ್ಲಿ ಎದ್ದು ಬರುವುದು. ಯಾವ ಹುಡುಗಿಯೂ ಅವನನ್ನು ಒಪ್ಪಿರಲಿಲ್ಲ. ಅಕ್ಕ ಸೋತು ಹೋಗಿದ್ದಳು.

ರವಿವಾರ ಬೆಳಿಗ್ಗೆ ಚಿಮ್ಮಡ ತಲುಪಿದೆವು. ಕುರಿ ಸಾಕಿದ ಮನೆತನ. ಹುಡುಗಿ ರೇಣುಕಾ ತಟ್ಟೆ ತಂದಿಟ್ಟಳು. ಶಿರಾದ ಮೇಲೆ ತುಪ್ಪ ಹೊಳೆಯುತ್ತಿತ್ತು. ನಾನು ಕೈಮುಗಿದು ತಟ್ಟೆಯನ್ನು ಹಿಂದಕ್ಕೆ ಸರಿಸಿದೆ. ಬಾಗಿಲಲ್ಲಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣ್ಣಿನ ಮನೆಯಲ್ಲಿ ಸೋದರಮಾವ ತಟ್ಟೆ ಸರಿಸುವುದರ ಅರ್ಥ ನನಗೆ ಆಗ ಹೊಳೆಯಿತು. ಅಕ್ಕ ನನ್ನ ತೊಡೆಗೆ ಚಿವುಟಿದಳು.

"ಯಾಕ್ರಿ, ನಮ್ಮ ಹುಡುಗಿ ಮನಸಿಗಿ ಬರಲಿಲ್ಲೇನು?" ಹುಡುಗಿಯ ಅಜ್ಜಿ ನೇರವಾಗಿ ಕೇಳಿದಳು.

"ಹಂಗಲ್ಲ ಆಯಿ, ಉಪವಾಸ ಐತಿ."

"ಬೀರಪ್ಪಂದೇನು?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ದೇವರ ಹೆಸರಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲರಿ, ಡಾಕ್ಟರದು," ಎಂದೆ.

"ಡಾಕ್ಟರೇನ ಶಾಪಾ ಕೊಡ್ತಾನೇನ್ರಿ? ತಿನ್ರಿ."

ಚಮಚ ಕೈಗೆ ಬಂದೇಬಿಟ್ಟಿತ್ತು. ಸಂಬಂಧಕ್ಕಿಂತ ಸಕ್ಕರೆ ದೊಡ್ಡದೇ ಎಂದು ಒಂದು ಮನಸ್ಸು. ಹೆಂಡತಿಗೆ ಏನೆಂದು ಹೇಳಲಿ ಎಂದು ಇನ್ನೊಂದು. ಕಡೆಗೆ ಚಮಚ ಕೆಳಗಿಟ್ಟು, "ಆಯಿ, ಹನ್ನೆರಡಾಗ್ಲಿ. ನಿಮ್ಮ ಮನ್ಯಾಗನ ರೊಟ್ಟಿ ಉಂಡ ಹೋಗ್ತೀನಿ," ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಕೂಗಿ ಹೇಳಿದಳು, "ಬದನಿಕಾಯಿ ಹೆಚ್ಚರಿ. ಬೀಗರು ಉಣ್ಣಾಕ ನಿಂದರ್ತಾರ." ಬೀಗರು ಎಂಬ ಮಾತು ಕೇಳಿ ಅಕ್ಕನ ಉಸಿರು ಮರಳಿತು.

ಆದರೆ ಅಷ್ಟು ಹೊತ್ತು ಮಾತಾಡುವುದೇನು? ಮಳೆ, ಕಬ್ಬು, ರಸ್ತೆ ಎಲ್ಲ ಬೇಗ ಮುಗಿದವು. ಆಗ ಹಿತ್ತಲಲ್ಲಿ ಟಗರೊಂದು ನರಳಿತು. ಜೋಳ ಕದ್ದು ತಿಂದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಸಿದ್ದು ಹೇಳದೆ ಕೇಳದೆ ಎದ್ದು ಹೋದ. ರೇಣುಕಾ ಟಗರಿನ ಕೊಂಬು ಹಿಡಿದು ನಿಂತಳು. ಅವನು ಅದರ ಹೊಟ್ಟೆ ತಟ್ಟಿ ನೋಡಿ, ಬಾಯಿಗೆ ಎಣ್ಣೆ ಹಾಕಿಸಿ, "ನಾಳಿತನಾ ಕಾಳು ತೋರಸಬ್ಯಾಡ್ರಿ, ಉಪವಾಸ ಇರ್ಲಿ," ಎಂದ.

"ನಿಮ್ಮ ಮಾವಾರ ಬಾಜೂಕ ಕಟ್ಟಿಬಿಡ್ತೀನಿ. ಇಬ್ಬರೂ ಜೋಡಿ ಕೂಡ್ಲಿ," ಎಂದಳು ಹುಡುಗಿ.

ಸಿದ್ದು ಗಟ್ಟಿಯಾಗಿ ನಕ್ಕ. ಅವನು ಹಾಗೆ ನಗುತ್ತಾನೆಂದು ನನಗೂ ಗೊತ್ತಿರಲಿಲ್ಲ. ಟಗರು ಸುಧಾರಿಸಿಕೊಂಡ ಮೇಲೂ ಇಬ್ಬರೂ ಅಲ್ಲೇ ನಿಂತು ಮಾತಾಡುತ್ತಿದ್ದರು. ಹನ್ನೆರಡಕ್ಕೆ ನಾನು ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡು ಕೈ ತೊಳೆಯುವಷ್ಟರಲ್ಲಿ ಎರಡೂ ಕಡೆಯವರು ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು. ಅದರಲ್ಲಿ ಒಂದು ಚಿಟಿಕೆ ಮಾತ್ರ ಬಾಯಿಗೆ ಹಾಕಿಕೊಂಡೆ.

ಮದುವೆಗೆ ಮುಂಚೆ ನನ್ನ ರಕ್ತ ಮತ್ತೆ ಪರೀಕ್ಷಿಸಿದ ಡಾಕ್ಟರು, "ಗುಳಿಗಿ ಬ್ಯಾಡ, ಹಿಂಗ ನಡೀಲಿ," ಎಂದರು. ನನ್ನ ಸಫಾರಿ ಸೂಟನ್ನು ದರ್ಜಿ ಎರಡು ಕಡೆ ಹಿಡಿದು ಹೊಲಿಯಬೇಕಾಯಿತು. ಹಂದರದಲ್ಲಿ ಅಜ್ಜಿ ಕಂಡಕಂಡವರಿಗೆಲ್ಲ, "ಇವರು ಹಸಗೊಂಡ ಕುಂತಿದ್ದಕ್ಕ ಈ ಲಗ್ನ ಆತು," ಎಂದು ನನ್ನನ್ನು ತೋರಿಸಿದಳು. ನಾನು ಎದೆಯುಬ್ಬಿಸಿ ನಿಂತೆ. ಈಗ ಉಬ್ಬಿಸಿದರೆ ಎದೆಯೇ ಮುಂದೆ ಬರುತ್ತಿತ್ತು.

ಆ ಕೀರ್ತಿ ಸುತ್ತಲ ಊರುಗಳಿಗೆ ಹಬ್ಬಿದೆ. ಹೆಣ್ಣು ನೋಡಲು ಹೊರಟವರು, "ನೀವು ಮಾತಾಡೂದು ಬ್ಯಾಡ್ರಿ, ಉಪವಾಸ ಬಂದು ಕೂಡ್ರಿ ಸಾಕು," ಎಂದು ನನ್ನನ್ನು ಕರೆದೊಯ್ಯುತ್ತಾರೆ. ಮೊನ್ನೆ ಮುಧೋಳದಲ್ಲೂ ಕುಳಿತಿದ್ದೆ. ಹನ್ನೆರಡು ಹೊಡೆದು ಬಹಳ ಹೊತ್ತಾಗಿತ್ತು. ನಾನು ಕೆಮ್ಮಿದೆ, ಗಡಿಯಾರ ನೋಡಿದೆ, ಕಡೆಗೆ ಊಟದ ಹೊತ್ತಾಯಿತೆಂದು ಬಾಯಿಬಿಟ್ಟೇ ಹೇಳಿದೆ. ಮನೆಯ ಯಜಮಾನರು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು, "ಇನ್ನೊಂದ ಸ್ವಲ್ಪ ತಡ್ಕೋರಿ. ಹುಡುಗ ಈಗಷ್ಟ ಬಾಯಿ ಬಿಟ್ಟಾನ."