ನೆರಳು, ತಿರುಳು ಮತ್ತು ಒಂದು ವೀಳ್ಯ

ಜೈಲಾನಿ ಮೇಷ್ಟ್ರ ಕಷ್ಟಕ್ಕೆಲ್ಲ ಮೂಲ ಎಪ್ಪತ್ತೆರಡು ಪುಟದ ಒಂದು ಪುಸ್ತಕ. ಪೇರಾಕ್ ಹೊಳೆಯ ದಂಡೆಯ ಪಾಸಿರ್ ಕೆರಾಂಜಿ ಶಾಲೆಯಲ್ಲಿ ಇಪ್ಪತ್ತು ವರ್ಷ ಸಾಹಿತ್ಯ ಕಲಿಸಿದ ಮೇಲೆ ಅವರು ವಿದ್ಯಾರ್ಥಿಗಳಿಗಾಗಿ ಕಾವ್ಯದ ಪರಿಭಾಷೆಯ ಕೈಪಿಡಿಯೊಂದನ್ನು ಅಚ್ಚುಹಾಕಿಸಿದ್ದರು. ಪ್ರಾಸವೆಂದರೇನು, ಉಪಮೆಗೂ ರೂಪಕಕ್ಕೂ ವ್ಯತ್ಯಾಸವೇನು, ಎಲ್ಲ ಅಕಾರಾದಿಯಲ್ಲಿತ್ತು. ಪಾಂತುನ್ ಎಂಬ ನಾಲ್ಕು ಸಾಲಿನ ಪದ್ಯಕ್ಕೇ ಒಂಬತ್ತು ಪುಟ. ಮೊದಲೆರಡು ಸಾಲು ನೆರಳು, ಕೊನೆಯೆರಡು ಸಾಲು ತಿರುಳು; ನೆರಳಿನಲ್ಲಿ ಹೊಳೆ, ಮೀನು, ಹಕ್ಕಿ ಏನಾದರೂ ಬರಬಹುದು, ಹೇಳಬೇಕಾದ ಮಾತು ಮಾತ್ರ ತಿರುಳಿನಲ್ಲೇ ಬರಬೇಕು ಎಂದೆಲ್ಲ ವಿವರಿಸಿದ್ದರು.

ಆದರೆ ನಲವತ್ತಾರು ವರ್ಷದ ಆ ಬ್ರಹ್ಮಚಾರಿ ಬದುಕಿನಲ್ಲಿ ಒಂದು ಪಾಂತುನನ್ನೂ ಕಟ್ಟಿದವರಲ್ಲ. ಅದು ಊರಿಗೆ ಹೇಗೆ ಗೊತ್ತಾಗಬೇಕು? ಹಾವಿನ ಜಾತಿಗಳ ಪಟ್ಟಿ ಬರೆದವನಿಗೆ ಹಾವು ಹಿಡಿಯಲೂ ಬರುತ್ತದೆ ಎಂದು ಊರು ನಂಬಿತ್ತು.

ಶನಿವಾರ ಬೆಳಗ್ಗೆ ಅವರ ಅಕ್ಕ ಸಲ್ಮಿಯಾ ಬಾಗಿಲಲ್ಲಿ ನಿಂತು, "ಏಳೋ, ಬಟ್ಟೆ ಹಾಕ್ಕೋ. ಹೆಣ್ಣು ಕೇಳೋಕೆ ನೀನೇ ಬರಬೇಕು" ಅಂದಳು.

ಮೇಷ್ಟ್ರು ಕಾಫಿಯ ಲೋಟ ಕೆಳಗಿಟ್ಟರು. "ನಾನಾ? ಊರಿನ ಹೆಣ್ಣು ಕೇಳೋ ಪಾಂತುನ್ ಎಲ್ಲ ಹೇಳೋ ಕಾಸಿಂ ಅಜ್ಜ ಏನಾದ್ರು?"

"ಅವರಿಗೆ ಮೊನ್ನೆ ಹೊಸ ಹಲ್ಲು ಕಟ್ಟಿದಾರೆ. ಬಾಯಿ ತೆರೆದ್ರೆ ಮೊದಲು ಹಲ್ಲು ಹೊರಗೆ ಬರುತ್ತೆ, ಮಾತು ಆಮೇಲೆ. ಹೆಣ್ಣಿನ ಮನೇಲಿ ಪಾಂತುನ್ ಹೇಳೋವಾಗ ಹಲ್ಲು ಹಾರಿ ಯಾರ ಮಡಿಲಲ್ಲಾದ್ರೂ ಬಿದ್ರೆ?"

ಅಕ್ಕನ ಮಗ ಹಫೀಜುಲ್‌ಗೆ ಹೊಳೆಯಾಚೆಯ ಐನುನ್ ಎಂಬ ಹುಡುಗಿಯ ಮೇಲೆ ಮನಸ್ಸು. ಸೋಮವಾರ ಪಟ್ಟಣದ ಮೀನು ವ್ಯಾಪಾರಿಯೊಬ್ಬ ಅದೇ ಹುಡುಗಿಯನ್ನು ಕೇಳಲು ಬರುವವನಿದ್ದ. ಇವತ್ತು ಮಾತು ಗಟ್ಟಿಯಾಗದಿದ್ದರೆ ಹುಡುಗಿ ಮೀನಿನ ಲಾರಿ ಹತ್ತುವುದು ಖಂಡಿತ. ಹಫೀಜುಲ್ ಹಿಂದೆ ನಿಂತು, "ಮಾವಾ, ನಿಮ್ಮ ಕೈಲಿದೆ ನನ್ನ ಬಾಳು" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮೇಷ್ಟ್ರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಅವರು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಹಳೆಯ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಡಕಿ, ಮಕ್ಕಳು ಬರೆದಿದ್ದ ಪಾಂತುನ್‌ಗಳಲ್ಲಿ ಪಾಸಾಗುವಂಥ ಹನ್ನೆರಡನ್ನು ಆರಿಸಿ, ಒಂದು ಹಾಳೆಯಲ್ಲಿ ಇಳಿಸಿಕೊಂಡರು. ತಮ್ಮ ಕೈಯಲ್ಲೇ ಹತ್ತಕ್ಕೆ ನಾಲ್ಕು ಅಂಕ ಪಡೆದ ಪದ್ಯಗಳು ಇವತ್ತು ಚಿನ್ನದ ಹಾಗೆ ಕಂಡವು.

ದೋಣಿ ನೆರೆಮನೆಯ ಬಡಗಿ ಲಾಜಿಮನದು. ಹೆಂಗಸರು ಅಂಟಕ್ಕಿಯ ಅನ್ನದ ತಟ್ಟೆಗಳನ್ನೂ ಹಿತ್ತಾಳೆಯ ವೀಳ್ಯದ ಪೆಟ್ಟಿಗೆಯನ್ನೂ ಮಡಿಲಲ್ಲಿಟ್ಟುಕೊಂಡು ಕೂತರು. ನಡುಹೊಳೆಯಲ್ಲಿ ಎಂಜಿನ್ ಮುದುಕನ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಲಾಜಿಮ್ ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಹಾಕಿದ. ದೋಣಿ ಹೊರಟಿತು. ಮೇಷ್ಟ್ರು ನೆನಪು ಮಾಡಿಕೊಳ್ಳಲೆಂದು ಪಕ್ಕದಲ್ಲಿಟ್ಟಿದ್ದ ಹಾಳೆಗೆ ಕೈ ಚಾಚಿದರು.

"ಲಾಜಿಮ್, ಇಲ್ಲೊಂದು ಕಾಗದ ಇತ್ತಲ್ಲ?"

"ಅದಾ ಮೇಷ್ಟ್ರೇ? ಪ್ಲಗ್ ಒರೆಸಿದ್ದು ಅದರಲ್ಲೇ. ಎರಡೂ ಕಡೆ ಗೀಚಿತ್ತು, ಹಳೇದು ಅಂದ್ಕೊಂಡೆ." ಎಣ್ಣೆ ಕುಡಿದ ಆ ಉಂಡೆ ಆಗಲೇ ಹೊಳೆಯಲ್ಲಿ ತೇಲುತ್ತ ಬಾತುಕೋಳಿಯ ಹಾಗೆ ದೂರ ಹೋಗುತ್ತಿತ್ತು.

"ಅಯ್ಯೋ, ಅದರಲ್ಲಿ ಪಾಂತುನ್ ಇದ್ವು ಕಣಯ್ಯಾ!"

"ಪುಸ್ತಕ ಬರೆದೋರು ನೀವು! ನಿಮಗ್ಯಾಕೆ ಚೀಟಿ?" ಲಾಜಿಮ್ ನಕ್ಕ. ಹೆಂಗಸರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಕಂಬಗಳ ಮೇಲೆ ನಿಂತ ಐನುನ್ ಮನೆಯ ಮೆಟ್ಟಿಲು ಹತ್ತುವಾಗ ಅವರು ಹನ್ನೆರಡರಲ್ಲಿ ಒಂದು ಪದ್ಯವಾದರೂ ನೆನಪಾದೀತೇ ಎಂದು ತಡಕಾಡುತ್ತಿದ್ದರು. ಒಳಗೆ ಚಾಪೆಯ ಮೇಲೆ ಹೆಣ್ಣಿನ ಕಡೆಯವರು ಸಾಲಾಗಿ ಕೂತಿದ್ದರು. ಅವರ ಪರವಾಗಿ ಮಾತಾಡಲು ಮುಂದೆ ಕೂತವರನ್ನು ನೋಡಿ ಮೇಷ್ಟ್ರು ಹೊಸ್ತಿಲಲ್ಲೇ ನಿಂತುಬಿಟ್ಟರು. ಹಬ್ಸಾ ಟೀಚರ್! ಹುಡುಗಿಯ ಚಿಕ್ಕಮ್ಮ, ಪಟ್ಟಣದ ಶಾಲೆಯಲ್ಲಿ ಸಾಹಿತ್ಯದ ಟೀಚರ್, ನಲವತ್ತು ದಾಟಿದರೂ ಮದುವೆಯಾಗದಾಕೆ. ಎರಡು ವರ್ಷದ ಹಿಂದೆ ಶಿಕ್ಷಕರ ಪತ್ರಿಕೆಯಲ್ಲಿ ಮೇಷ್ಟ್ರ ಕೈಪಿಡಿಗೆ ವಿಮರ್ಶೆ ಬರೆದು ಹದಿನೇಳು ತಪ್ಪು ಎಣಿಸಿ ತೋರಿಸಿದ್ದು ಇವರೇ.

"ಪುಸ್ತಕ ಬರೆದೋರು ಬರ್ತಾರೆ ಅಂತ ನಿಮ್ಮಕ್ಕ ನಿನ್ನೆನೇ ಹೇಳಿಕಳಿಸಿದ್ರು," ಮನೆಯ ಹಿರಿಯಳಾದ ಬೇಸಾ ಅಜ್ಜಿ ವಿನಯದಿಂದ ಹೇಳಿದಳು. "ಅದಕ್ಕೆ ನಾವೂ ಓದಿದೋರನ್ನೇ ಕರೆಸಿದ್ವಿ."

ಸಲ್ಮಿಯಾ ವೀಳ್ಯದ ಪೆಟ್ಟಿಗೆಯನ್ನು ಇಬ್ಬರ ನಡುವೆ ಇಟ್ಟಳು. ಮಾತು ಹೊಂದಿದ ಮೇಲೆ ಗಂಡಿನ ಕಡೆಯವರು ಅದನ್ನು ತೆರೆದು ವೀಳ್ಯ ಕೊಡಬೇಕು, ಹೆಣ್ಣಿನ ಕಡೆಯವರು ಅಗಿಯಬೇಕು. ಅಗಿದರೆ ಹೆಣ್ಣು ಕೊಟ್ಟಂತೆ. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಹೊಳೆಯ ಎರಡೂ ದಂಡೆಯಲ್ಲಿ ಇದನ್ನು ಅರಿಯದವರಿಲ್ಲ.

ಹಬ್ಸಾ ಟೀಚರ್ ಗಂಟಲು ಸರಿಮಾಡಿಕೊಂಡು ಶುರುಮಾಡಿದರು:

"ದಂಡೆಯ ಮರದಲ್ಲಿ ಮಿಂಚುಳ್ಳಿ ಕೂತಿದೆ,
ಬಲೆಯೊಳಗೆ ಒದ್ದಾಡಿದೆ ಎಳೆಯ ಸೀಗಡಿ;
ದೂರದ ನೆಂಟರ ಹೆಜ್ಜೆ ಮೆಟ್ಟಿಲಲಿ ಕೇಳಿದೆ,
ಬಂದ ಕೆಲಸವೇನೆಂದು ಬಾಯಿಬಿಟ್ಟು ಹೇಳಿಬಿಡಿ."

ಎಲ್ಲರೂ ತಲೆದೂಗಿ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರ ತಲೆ ತೊಳೆದಿಟ್ಟ ಗಡಿಗೆಯ ಹಾಗೆ ಖಾಲಿಯಾಗಿತ್ತು. ಹಫೀಜುಲ್ ಹಿಂದಿನಿಂದ ಅವರ ಅಂಗಿ ಜಗ್ಗಿದ. ಕೊನೆಗೆ ಬಾಯಿ ತೆರೆದಾಗ ಇಪ್ಪತ್ತು ವರ್ಷದ ಅಭ್ಯಾಸವೇ ಹೊರಗೆ ಬಂತು.

"ಇದು ಸ್ವಾಗತದ ಪಾಂತುನ್. ಒಂದು, ಮೂರನೇ ಸಾಲಿಗೆ ಪ್ರಾಸ ಇದೆ. ಎರಡು, ನಾಲ್ಕಕ್ಕೂ ಇದೆ. ನೆರಳಿಗೂ ತಿರುಳಿಗೂ ಸಂಬಂಧ ಇಲ್ಲ. ಹತ್ತಕ್ಕೆ ಆರು ಕೊಡಬಹುದು."

ಮನೆಯೆಲ್ಲ ಬೆಚ್ಚಿತು. ಬೇಸಾ ಅಜ್ಜಿಯ ಕೈಯ ಬೀಸಣಿಗೆ ಅರ್ಧಕ್ಕೇ ನಿಂತಿತು. ಸಲ್ಮಿಯಾ, "ಲೋ, ಹೆಣ್ಣು ಕೇಳೋ ಅಂದ್ರೆ ಅಂಕ ಕೊಡ್ತೀಯಲ್ಲೋ!" ಎಂದು ಹಲ್ಲು ಕಚ್ಚಿದಳು.

"ಆರಾ?" ಹಬ್ಸಾ ಟೀಚರ್ ಮುಂದಕ್ಕೆ ಸರಿದರು. "ಸಂಬಂಧ ಇಲ್ಲ ಅಂದ್ರಾ? ಮಿಂಚುಳ್ಳಿ ಹೊಂಚು ಹಾಕಿ ಕೂತಿದೆ, ನೀವು ಹೆಣ್ಣಿಗೆ ಹೊಂಚು ಹಾಕಿ ಬಂದಿದೀರಿ. ಇದೂ ಕಾಣಲ್ವಾ ನಿಮಗೆ?"

"ಅದು ನೀವು ಆಮೇಲೆ ಹಚ್ಚಿದ ಅರ್ಥ. ನೆರಳು ಬರೀ ಪ್ರಾಸಕ್ಕೆ. ನನ್ನ ಪುಸ್ತಕದಲ್ಲಿ ಸ್ಪಷ್ಟವಾಗಿದೆ."

"ನಿಮ್ಮ ಪುಸ್ತಕದಲ್ಲಿ ತಪ್ಪೂ ಸ್ಪಷ್ಟವಾಗೇ ಇದೆ."

ಅಲ್ಲಿಂದ ಮುಂದೆ ಇಬ್ಬರಿಗೂ ಲೋಕವೇ ಮರೆತುಹೋಯಿತು. ಧ್ವನಿ, ವ್ಯಂಗ್ಯ, ಉಪಮಾನ, ಉಪಮೇಯ ಚಾಪೆಯ ಮೇಲೆ ಹುರಿದ ಕಡಲೆಯ ಹಾಗೆ ಸಿಡಿದವು. ಅಂಟಕ್ಕಿ ಆರಿತು. ಲಾಜಿಮ್ ಗೋಡೆಗೊರಗಿ ಒಂದು ನಿದ್ದೆ ತೆಗೆದ. ಮಧ್ಯಾಹ್ನದ ನಮಾಜಿಗೆ ಎದ್ದ ಗಂಡಸರು ಮುಗಿಸಿ ಬಂದರೂ ವಾದ ಮುಗಿದಿರಲಿಲ್ಲ. ಬಿಟ್ಟಲ್ಲಿಂದಲೇ ಮತ್ತೆ ಶುರುವಾಯಿತು. ಹಫೀಜುಲ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನ ಕಣ್ಣ ಮುಂದೆ ಮೀನಿನ ಲಾರಿ ನಿಂತಿತ್ತು.

"ನೋಡಿ ಟೀಚರ್, ಮಗುವಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ." ಮೇಷ್ಟ್ರು ಪಾಠದ ಹುರುಪಿನಲ್ಲಿ ಎದುರಿಗಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದರು. "ಇದು ಎಲೆ. ಬಳ್ಳಿಯಲ್ಲಿ ಬೆಳೆದದ್ದು. ಇದು ಅಡಿಕೆ, ಮರದಲ್ಲಿ ಬೆಳೆದದ್ದು. ಇದು ಸುಣ್ಣ, ಚಿಪ್ಪು ಸುಟ್ಟಿದ್ದು. ಎಲೆ ನೆರಳು, ಅಡಿಕೆ ತಿರುಳು ಅಂದ್ಕೊಳ್ಳಿ. ಒಂದಕ್ಕೊಂದು ಏನು ಸಂಬಂಧ?" ಸುಣ್ಣ ಸವರಿ, ಅಡಿಕೆಯಿಟ್ಟು, ಎಲೆ ಮಡಿಸಿ ಎತ್ತಿ ತೋರಿಸಿದರು. "ಒಟ್ಟಿಗೆ ಕಟ್ಟಿದೀವಿ, ಅಷ್ಟೇ."

"ಕೊಡಿ ಇಲ್ಲಿ." ಹಬ್ಸಾ ಟೀಚರ್ ಕೈ ಚಾಚಿದರು. ಮೇಷ್ಟ್ರು ಕೊಟ್ಟರು. ಅವರು ಅದನ್ನು ಬಾಯಿಗೆ ಹಾಕಿಕೊಂಡು ಚೆನ್ನಾಗಿ ಅಗಿದು, ನಾಲಿಗೆ ಹೊರಗೆ ಚಾಚಿ ತೋರಿಸಿದರು.

"ಎಲೆ ಹಸಿರು. ಅಡಿಕೆ ಕಂದು. ಸುಣ್ಣ ಬಿಳಿ. ಈ ಕೆಂಪು ಎಲ್ಲಿಂದ ಬಂತು ಮೇಷ್ಟ್ರೇ? ಸಂಬಂಧ ಇಲ್ದೇನೇ ಬಂತಾ?"

ಸೋತೆನೆಂದು ಮೇಷ್ಟ್ರಿಗೆ ಮೊದಲು ಅನಿಸಿತು. ಸುತ್ತಲಿನವರ ಕಡೆ ಆಮೇಲೆ ಗಮನ ಹೋಯಿತು. ಎಲ್ಲರೂ ಹಬ್ಸಾ ಟೀಚರ್ ಬಾಯನ್ನೂ ತೆರೆದ ಪೆಟ್ಟಿಗೆಯನ್ನೂ ಸರದಿಯಂತೆ ನೋಡುತ್ತಿದ್ದರು.

"ಆಯ್ತಲ್ಲ," ಎಂದಳು ಬೇಸಾ ಅಜ್ಜಿ. "ಗಂಡು ತನ್ನ ಕೈಯಾರೆ ಮಡಿಸಿ ಕೊಟ್ಟ. ಹೆಣ್ಣು ಅಗಿದಳು. ಕೊಟ್ಟೋನಿಗೇ ಅಗಿದೋಳು. ಇಷ್ಟು ಜನ ಸಾಕ್ಷಿ."

"ಅಜ್ಜೀ! ಅದು ಉದಾಹರಣೆ!" ಮೇಷ್ಟ್ರು ಕಿರುಚಿದರು.

"ನನ್ನ ಮದುವೆನೂ ಹಾಗೇ ಆಗಿದ್ದು. ಆ ಉದಾಹರಣೆಗೆ ಎಂಟು ಮಕ್ಕಳಾದ್ವು."

"ಹಫೀಜುಲ್‌ಗೆ ಕೇಳೋಕೆ ಬಂದದ್ದು ನಾವು!" ಸಲ್ಮಿಯಾ ಎದೆ ಹಿಡಿದುಕೊಂಡಳು.

"ಒಂದು ಪೆಟ್ಟಿಗೆಗೆ ಒಂದೇ ಹೆಣ್ಣು, ತಾಯಿ," ಎಂದಳು ಬೇಸಾ ಅಜ್ಜಿ. "ನೀವು ಇನ್ನೊಂದು ಪೆಟ್ಟಿಗೆ ತನ್ನಿ, ಐನುನ್‌ನ ಕೊಡ್ತೀವಿ. ಸೋಮವಾರದೋರಿಗೆ ಇವತ್ತೇ ಬೇಡ ಅಂತ ಹೇಳಿಕಳಿಸ್ತೀನಿ. ಆದ್ರೆ ಚಿಕ್ಕಮ್ಮನ ಮದುವೆ ಮೊದಲು, ಮಗಳದು ಆಮೇಲೆ. ಈ ಮನೆ ಹೆಣ್ಣಿಗೆ ವೀಳ್ಯ ಅಗಿಸಿ ಬಿಟ್ಟುಹೋದ್ರೋ, ಯಾವ ಹೆಣ್ಣೂ ಇಲ್ಲ."

ಹಫೀಜುಲ್ ತಟ್ಟನೆ ಮೇಷ್ಟ್ರ ಕಾಲು ಹಿಡಿದ. "ಮಾವಾ!"

ಮೇಷ್ಟ್ರಿಗೆ ಒಂದೇ ಆಸರೆ ಉಳಿದಿತ್ತು. "ಟೀಚರ್, ನೀವೇ ಹೇಳಿ. ನೀವು ಒಪ್ಪಲ್ಲ ತಾನೇ? ನನ್ನ ಪುಸ್ತಕ ಕಂಡ್ರೇ ಆಗದೋರು ನೀವು!"

ಹಬ್ಸಾ ಟೀಚರ್ ತಲೆ ತಗ್ಗಿಸಿ ನಿಧಾನವಾಗಿ ಅಗಿಯುತ್ತಿದ್ದರು. "ಸಂಪ್ರದಾಯ ಅಂದ್ಮೇಲೆ ಏನು ಮಾಡೋದು ಮೇಷ್ಟ್ರೇ," ಅಂದರು. "ಬಾಯಿಗೆ ಹಾಕ್ಕೊಂಡದ್ದನ್ನ ಉಗುಳಕ್ಕಾಗುತ್ತಾ?"

ಸಂಜೆ ಇಳಿಯುವ ಮೊದಲು ಮದುವೆಯ ದಿನವೂ ಗೊತ್ತಾಯಿತು. ಮೇಷ್ಟ್ರು ಯಾರೋ ಹೊತ್ತು ತಂದಂತೆ ಮೆಟ್ಟಿಲಿಳಿದು ದೋಣಿಯಲ್ಲಿ ಕೂತರು. ಬೀಳ್ಕೊಡಲು ದಂಡೆಗೆ ಬಂದ ಬೇಸಾ ಅಜ್ಜಿ ಬಗ್ಗಿ ಅವರ ಕಿವಿಯಲ್ಲಿ ಸಂತೋಷದಿಂದ ಹೇಳಿದಳು:

"ನನಗೇ ಆಶ್ಚರ್ಯ ಕಣಪ್ಪ. ಹಲ್ಲು ಕೆಂಪಾಗುತ್ತೆ ಅಂತ ನಮ್ಮನ್ನೆಲ್ಲ ಬೈಯೋಳು ಹಬ್ಸಾ. ಹುಟ್ಟಿದಾಗಿಂದ ಒಂದು ಎಲೆ ಬಾಯಿಗಿಟ್ಟೋಳಲ್ಲ."

ಮೇಷ್ಟ್ರು ಗಕ್ಕನೆ ತಲೆಯೆತ್ತಿದರು. ಮೇಲಿನ ಕಿಟಕಿಯಲ್ಲಿ ಹಬ್ಸಾ ಟೀಚರ್ ಕೂತಿದ್ದರು. ಮಡಿಲಲ್ಲಿ ಎಪ್ಪತ್ತೆರಡು ಪುಟದ ಪುಸ್ತಕ, ಕೈಯಲ್ಲಿ ಕೆಂಪು ಪೆನ್ನು. ದೋಣಿಯ ಕಡೆ ನೋಡದೆಯೇ ಅವರು ಮೊದಲ ಪುಟ ಮಗುಚಿದರು.