ಕುರ್ಚಿ ಮಳಿಗೆಯ ನೆಮ್ಮದಿ ವರದಿ

ಕುಮಾಸಿ ನಗರದ ಅಡೂಮ್ ಪೇಟೆಯ ಮೂರಂತಸ್ತಿನ ಕುರ್ಚಿ ಮಳಿಗೆಯಲ್ಲಿ ನಾನೂರ ಹನ್ನೆರಡು ಕುರ್ಚಿಗಳೂ ಹದಿನಾಲ್ಕು ಮಂದಿ ಮಾರಾಟ ಸಿಬ್ಬಂದಿಯೂ ಇದ್ದಾರೆ. ಇವೆರಡರ ನಡುವೆ ಯಾವ ಸಂಬಂಧವೂ ಏರ್ಪಡಕೂಡದು. ನಿಯಮ ಏಳರ ಪ್ರಕಾರ, ಸಿಬ್ಬಂದಿ ಕೂತ ಪ್ರದರ್ಶನದ ಕುರ್ಚಿಯನ್ನು ಬಳಸಿದ ಸರಕೆಂದು ಪರಿಗಣಿಸಿ ಗೋದಾಮಿಗೆ ಸಾಗಿಸತಕ್ಕದ್ದು.

ಪೊಕುವಾ ಈ ನಿಯಮವನ್ನು ಹನ್ನೊಂದು ವರ್ಷ ನಿಂತೇ ಪಾಲಿಸಿದ್ದಳು. ಸಂಜೆಯ ಹೊತ್ತಿಗೆ ಕಾಲು ಬಾತುಕೊಂಡು, ಬೆಳಗ್ಗೆ ಮೆಟ್ಟಿಬಂದ ಚಪ್ಪಲಿ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಹೀಗೇ ನಿಂತರೆ ಇನ್ನೆರಡು ವರ್ಷಕ್ಕೆ ನಡೆಯುವುದೇ ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವಳಿಗೆ ಬೇಕಾಗಿದ್ದದ್ದು ಮೂಲೆಯಲ್ಲೊಂದು ಸ್ಟೂಲು, ಅಷ್ಟೇ.

ಅದೇ ತಿಂಗಳು ಅಕ್ರಾದ ಕೇಂದ್ರ ಕಚೇರಿಯಿಂದ 'ಅಸಮಾಧಾನ ನಮೂನೆ' ಬಂತು. ಅತೃಪ್ತ ನೌಕರರನ್ನು ಮ್ಯಾನೇಜರು ಖುದ್ದು ವಿಚಾರಿಸತಕ್ಕದ್ದು. ನೌಕರರ ಮೊದಲ ಮಾತನ್ನು ಮಾತ್ರ ದಾಖಲಿಸತಕ್ಕದ್ದು. ಎರಡನೆಯ ಮಾತು ಯೋಚಿಸಿ ಆಡಿದ್ದಾಗಿರುವ ಸಂಭವವಿರುವುದರಿಂದ ಅದು ಅನೂರ್ಜಿತ.

ಪೊಕುವಾ ಮ್ಯಾನೇಜರ್ ಅಸೊಮಾನಿಂಗ್ ಅವರ ಕೋಣೆಗೆ ಹೋದಳು. ಅವರು ಕುಮಾಸಿಯಲ್ಲೇ ಹುಟ್ಟಿ ಬೆಳೆದವರು. ವಿಷಯ ಹೊತ್ತು ಬಂದವರನ್ನು ಕೂರಿಸದೆ, ನೀರು ಕೊಡದೆ ಮಾತಾಡಿಸಿದರೆ ಅವರಜ್ಜಿ ಗೋರಿಯಿಂದೆದ್ದು ಬಂದಾಳು.

"ಕೂತ್ಕೊಳ್ಳಿ ಅಕ್ಕಾ. ನೀರು ಕುಡೀರಿ. ಇಲ್ಲೆಲ್ಲ ನೆಮ್ಮದಿ. ದಾರಿ ನಡೆದು ಬಂದೋರು ನೀವು, ಹೇಳಿ."

ಪೊಕುವಾ ಬಂದದ್ದು ಕೆಳಗಿನ ಮಹಡಿಯಿಂದ. ಆದರೂ ಸಂಪ್ರದಾಯದಂತೆ ಹೇಳಿದಳು: "ಕೆಟ್ಟದ್ದೇನಿಲ್ಲ ಸಾರ್, ನಮ್ಮ ಕಡೆನೂ ಎಲ್ಲ ನೆಮ್ಮದಿ."

ಅಸೊಮಾನಿಂಗ್ ಬರೆದುಕೊಂಡರು. "ಆಯ್ತಕ್ಕ."

"ಏನಾಯ್ತು? ಅದು ಮರ್ಯಾದೆಗೆ ಹೇಳೋ ಮಾತು ಸಾರ್. ವಿಷಯ ಇನ್ನೂ ಬಾಯಿಗೇ ಬಂದಿಲ್ಲ!"

"ನಂಗೊತ್ತಿಲ್ವಾ? ಆದ್ರೆ ನಮೂನೇಲಿ ಇರೋದು ಒಂದೇ ಗೆರೆ."

ಕೆಳಗೆ ಡುಫಿಯೆ ಕಾದಿದ್ದಳು. ಆರಾಮಕುರ್ಚಿ ವಿಭಾಗದ ಹುಡುಗಿ, ನಾಲಿಗೆ ಹರಿತ. "ಸೀದಾ ಕಾಲುನೋವು ಅನ್ನೋಕೇನಾಗಿತ್ತು ನಿಂಗೆ?"

"ಸಾವಿನ ಸುದ್ದಿ ತಂದೋನೂ ಮೊದಲು ನೆಮ್ಮದಿ ಅಂತಾನೆ ಕಣೇ. ಕಾಲುನೋವಿಗೋಸ್ಕರ ನಮ್ಮಮ್ಮನ ಮಾನ ಕಳೀಲಾ?"

"ಹೋಗ್ಲಿ, ಎಷ್ಟು ಹೊತ್ತು ಕೂತಿದ್ದೆ?"

"ನೀರು ಮುಗಿಯೋವರೆಗೂ."

"ಅಯ್ಯೋ ಪೆದ್ದಿ, ಗುಟುಕು ಗುಟುಕಾಗಿ ಕುಡೀಬಾರ್ದಿತ್ತಾ!"

ಮರುದಿನದಿಂದ ಹದಿನಾಲ್ಕು ಮಂದಿಗೂ ತೀವ್ರ ಅಸಮಾಧಾನ ಉಂಟಾಯಿತು. ಒಬ್ಬೊಬ್ಬರಾಗಿ ಹೋದರು, ಕೂತರು, ಗುಬ್ಬಿಯಂತೆ ನೀರು ಕುಡಿದರು, ಎಲ್ಲ ನೆಮ್ಮದಿ ಎಂದರು, ಎದ್ದು ಬಂದರು. ತಿಂಗಳಿಗೆ ಮುನ್ನೂರ ಅರವತ್ತನಾಲ್ಕು ನಮೂನೆಗಳು ಅಕ್ರಾ ತಲುಪಿದವು. ತಾವು ಸುಖವಾಗಿದ್ದೇವೆಂದು ತಿಳಿಸಲು ನೌಕರರು ದಿನವೂ ಸಾಲುಗಟ್ಟುವ ಮಳಿಗೆ ದೇಶದಲ್ಲಿ ಇದೊಂದೇ ಎಂದು ಕೇಂದ್ರ ಕಚೇರಿ ಸುತ್ತೋಲೆ ಹೊರಡಿಸಿತು. ಸಮಾಧಾನ ಸಂಪೂರ್ಣವಾಗಿ ಸಾಬೀತಾದ ಕಾರಣ ವಿಚಾರಣೆ ರದ್ದಾಯಿತು. ಮ್ಯಾನೇಜರ ಕೋಣೆಯ ಹೆಚ್ಚುವರಿ ಕುರ್ಚಿಯನ್ನೂ ತೆಗೆಸಿದರು. ಪೊಕುವಾಗೆ 'ಅತ್ಯಂತ ನೆಮ್ಮದಿಯ ಉದ್ಯೋಗಿ' ಪ್ರಶಸ್ತಿ ಘೋಷಣೆಯಾಯಿತು. ಬಹುಮಾನ, ಅವಳ ಹೆಸರು ಕೆತ್ತಿದ ಒಂದು ಕುರ್ಚಿ. ಅದನ್ನು ಮಳಿಗೆಯಲ್ಲೇ ಪ್ರದರ್ಶನಕ್ಕಿಡತಕ್ಕದ್ದು.

ಸಮಾರಂಭಕ್ಕೆ ಅಕ್ರಾದಿಂದ ದೊಡ್ಡ ಅಧಿಕಾರಿ ಬಂದರು. ಈ ಸಲ ಮರ್ಯಾದೆ ಗಿರ್ಯಾದೆ ನೋಡದೆ ಮೊದಲ ಮಾತಿಗೇ ಸ್ಟೂಲು ಕೇಳಿಬಿಡುವುದೆಂದು ಪೊಕುವಾ ರಾತ್ರಿಯಿಡೀ ಬಾಯಿಪಾಠ ಮಾಡಿಕೊಂಡಿದ್ದಳು. ಡುಫಿಯೆ ಮುಂದಿನ ಸಾಲಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಕೂತ್ಕೊಳ್ಳಮ್ಮ, ಫೋಟೋ ತೆಗೀಲಿ," ಎಂದರು ಅಧಿಕಾರಿ. ನೀರು ಬಂತು. "ಇಲ್ಲೆಲ್ಲ ನೆಮ್ಮದಿ. ನಿನ್ನ ವಿಷಯ ಹೇಳು."

ಪೊಕುವಾ ತನ್ನ ಹೆಸರು ಕೆತ್ತಿದ ಕುರ್ಚಿಯಲ್ಲಿ ಕೂತಳು. ಮೆತ್ತೆ ಒಳ್ಳೆಯದಿತ್ತು. ಹನ್ನೊಂದು ವರ್ಷದ ಭಾರ ಪಾದದಿಂದ ಇಳಿದು ನೆಲ ಸೇರಿತು, ಕಣ್ಣು ತುಂಬಿಬಂತು. ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು.

"ಎಲ್ಲ ನೆಮ್ಮದಿ ಸಾರ್," ಎಂದಳು, ಮೊದಲ ಬಾರಿಗೆ ನಿಜವಾಗಿ. ಅಧಿಕಾರಿ ಬರೆದುಕೊಂಡರು. ಚಪ್ಪಾಳೆ ಬಿತ್ತು. ಫೋಟೋದವನು ಸಾಕು ಎಂದ, ಅವಳು ಎದ್ದಳು. ಸಿಬ್ಬಂದಿ ಕೂತ ಕುರ್ಚಿಯಾದ್ದರಿಂದ ನಿಯಮ ಏಳರಂತೆ ಅದನ್ನು ಅಂದೇ ಗೋದಾಮಿಗೆ ಸಾಗಿಸಲಾಯಿತು. ಅದು ಸರಿಯಾದ ಕ್ರಮವೆಂದು ಡುಫಿಯೆಯೂ ಒಪ್ಪಿದಳು.

ಮರುದಿನ ಬೆಳಗ್ಗೆ ಎಂಟಕ್ಕೆ ಪೊಕುವಾ ತನ್ನ ಜಾಗದಲ್ಲಿ ನಿಂತಿದ್ದಳು. ಗಿರಾಕಿಯೊಬ್ಬಳು ಅಂಥದೇ ಕುರ್ಚಿಯ ಮೇಲೆ ಕೈಯಾಡಿಸಿದಳು.

"ಆರಾಮಾಗಿರತ್ತಾ? ನೀವು ಕೂತು ನೋಡಿದ್ದೀರಾ?"

"ಹೂಂ ತಾಯಿ," ಎಂದಳು ಪೊಕುವಾ, "ಒಂದ್ಸಲ."