ಪಿಟೀಲಿನಲ್ಲಿ ಕಾಸಿದ ತುಪ್ಪ

ಕಣ್ಣು ಮಂಜಾದರೆ ಕನ್ನಡಕವಿದೆ, ಕಿವಿ ಮಂದವಾದರೆ ಯಂತ್ರವಿದೆ, ಹಲ್ಲು ಉದುರಿದರೆ ಕಟ್ಟಿಸಿಕೊಳ್ಳಬಹುದು. ಮೂಗಿಗೆ ಮಾತ್ರ ನತ್ತೊಂದನ್ನು ಬಿಟ್ಟು ಬೇರೇನನ್ನೂ ಯಾರೂ ಕಂಡುಹಿಡಿದಿಲ್ಲ. ಈ ಅನ್ಯಾಯ ನನ್ನ ಗಮನಕ್ಕೆ ಬಂದದ್ದು ಕಳೆದ ವರ್ಷ, ನನ್ನ ಮೂಗು ಹೇಳದೆ ಕೇಳದೆ ಕೆಲಸ ಬಿಟ್ಟಾಗ. ನೋಡುವುದಕ್ಕೆ ಅದು ಇದ್ದಲ್ಲೇ ಇದೆ; ಬೇಕಾದ್ದಕ್ಕಿಂತ ತುಸು ಹೆಚ್ಚೇ ಇದೆ ಎಂದು ಆಫೀಸಿನವರು ಹೇಳುತ್ತಾರೆ. ಆದರೆ ನಾಲ್ಕು ದಿನದ ನೆಗಡಿ, ಜ್ವರ ಇಳಿದ ಮೇಲೆ ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿದರೆ ಗೋಡೆ ಮೂಸಿದ ಹಾಗಾಯಿತು. ಡಾಕ್ಟರು ಎರಡೂ ಹೊಳ್ಳೆಗಳಿಗೆ ಟಾರ್ಚ್ ಬಿಟ್ಟು ನೋಡಿ, "ಬಂದ್ರ ತಾನ ಬರತೈತ್ರಿ, ಇಲ್ಲಂದ್ರ ಇಲ್ಲ" ಎಂದರು. ಅಷ್ಟು ನನಗೂ ಗೊತ್ತಿತ್ತು.

ಇದನ್ನು ನನ್ನ ಹೆಂಡತಿ ಸುವರ್ಣಾಗೆ ಅಂದೇ ಹೇಳಿಬಿಟ್ಟಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಹೇಳದಿರಲು ಕಾರಣ ಬಹಳ ಹಳೆಯದು. ಗುಡೂರಿನಲ್ಲಿ ಅವಳನ್ನು ನೋಡಲು ಹೋದಾಗ ನಾನು ಗೋಡೆಗೆ ಒರಗಿ, ಯಾವ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡದೆ ಬೆವರುತ್ತಿದ್ದೆ. ಹುಡುಗನಿಗೆ ಪಿಟೀಲು ಬಾರಿಸಲು ಬರುತ್ತದೆ ಎಂದು ನಮ್ಮಪ್ಪ ಹೇಳಿದ್ದಕ್ಕೆ ಅವಳ ಅಪ್ಪ, "ಮತ್ತ ನೌಕರಿ?" ಎಂದಿದ್ದರು. ಅಷ್ಟರಲ್ಲಿ ನಾನು ತಲೆಯೆತ್ತಿ, "ಒಳಗ ತುಪ್ಪ ಸೀಯಾಕತ್ತೈತಿ, ಇಳಸ್ರಿ" ಎಂದುಬಿಟ್ಟೆ. ಹುಡುಗಿ ನೋಡುವ ಗಡಿಬಿಡಿಯಲ್ಲಿ ಒಲೆಯ ಮೇಲಿನ ಬೆಣ್ಣೆಯನ್ನು ಎಲ್ಲರೂ ಮರೆತಿದ್ದರು. ಓಡಿಹೋಗಿ ಇಳಿಸಿದವಳು ಸುವರ್ಣಾ. ಪಾತ್ರೆ ಇಳಿಸಿ ಬಾಗಿಲ ಸಂದಿಯಿಂದ ನನ್ನನ್ನು ಒಮ್ಮೆ ನೋಡಿದಳು. ನನ್ನ ನೌಕರಿ, ಬಣ್ಣ, ಎತ್ತರ ಇವುಗಳಲ್ಲಿ ಯಾವುದೂ ಗಳಿಸದ ಒಪ್ಪಿಗೆಯನ್ನು ಮೂಗು ಗಳಿಸಿತು.

ಅಂದಿನಿಂದ ನವನಗರದ ನಮ್ಮ ಮನೆಯಲ್ಲಿ ಬೆಣ್ಣೆ ಕಾಸುವ ದಿನ ನನ್ನದು ಖಾಯಂ ಹುದ್ದೆ. ಅವಳು ಅಡಿಗೆಮನೆಯಲ್ಲಿ ಬೇರೆ ಕೆಲಸ ಮಾಡಿಕೊಳ್ಳುತ್ತಾಳೆ, ನಾನು ಪಡಸಾಲೆಯಲ್ಲಿ ಪೇಪರು ಓದುತ್ತಾ ಕೂತು ಸರಿಯಾದ ಗಳಿಗೆಗೆ "ಇಳಸು" ಎನ್ನುತ್ತೇನೆ. ತುಪ್ಪ ಮರಳು ಮರಳಾಗಿ ಬರುತ್ತದೆ. ಬೀಗರು ಬಂದಾಗ ಅವಳು ಸೆರಗು ಸರಿಮಾಡಿಕೊಂಡು, "ನಮ್ಮ ಮನ್ಯಾಗ ತುಪ್ಪ ನಾ ಕಾಸೂದಿಲ್ರಿ, ಅವರ ಮೂಗು ಕಾಸತೈತಿ" ಎನ್ನುತ್ತಾಳೆ. ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ದುಡಿದ ನನಗೆ ಸಿಕ್ಕ ಒಂದೇ ಪ್ರಶಸ್ತಿ ಅದು. ಅದನ್ನು ಹೇಗೆ ವಾಪಸು ಕೊಡಲಿ?

ಮೂಗು ಹೋದ ಮೇಲಿನ ಮೊದಲ ಬೆಣ್ಣೆಯ ದಿನ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂತಿದ್ದೆ. ಆಗಲೇ ಕಿವಿಗೆ ಬಿತ್ತು. ಬೆಣ್ಣೆಯಲ್ಲಿನ ನೀರು ಮೊದಲು ಚಟಪಟ ಎಂದು ಜಗಳ ಕಾಯುತ್ತದೆ, ಆಮೇಲೆ ಸಣ್ಣಗೆ ಗೊಣಗುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಚಿಟಿಕೆ, ಆಮೇಲೆ ಒಮ್ಮೆಲೇ ಸುಮ್ಮನಾಗುತ್ತದೆ. ಆ ಸುಮ್ಮನಾದ ಗಳಿಗೆಯೇ ಹದ. ನಾನು "ಇಳಸು" ಎಂದೆ. ಅವಳು ಇಳಿಸಿದಳು. ತುಪ್ಪ ಎಂದಿನಂತೆಯೇ ಬಂತು. ಇನ್ನು ಮುಂದೆ ಬೇಕಾದದ್ದು ನಿಶ್ಶಬ್ದ ಒಂದೇ. "ಟಿ.ವಿ. ಬಂದ್ ಮಾಡು, ಮಿಕ್ಸರ್ ಆಮೇಲೆ ಹಚ್ಚು" ಎಂದು ಬೆಣ್ಣೆಯ ದಿನ ಕಟ್ಟುನಿಟ್ಟು ಮಾಡಿದೆ. ಮನುಷ್ಯನಿಗೆ ವಯಸ್ಸಾದ ಹಾಗೆ ಗತ್ತು ಬರುತ್ತದೆ ಎಂದು ಅವಳು ಸಹಿಸಿಕೊಂಡಳು. ಉಳಿದ ಅಡುಗೆಗೆಲ್ಲ ನಾನು ಕಣ್ಣು ಮುಚ್ಚಿ "ಘಮ ಘಮ" ಎನ್ನುತ್ತಿದ್ದೆ. ಒಮ್ಮೆ ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಗೂ ಹಾಗೆಯೇ ಅಂದೆ. ಅದು ನೆಲ ಒರೆಸುವ ಅರಿವೆಗೆ ಇಟ್ಟ ಸೋಡಾ ನೀರು. ನಾನು ಚೇಷ್ಟೆ ಮಾಡಿದೆನೆಂದು ಅವಳು ನಕ್ಕು ನಕ್ಕು ಸುಸ್ತಾದಳು. ನಾನೂ ನಕ್ಕೆ, ಒಳಗೊಳಗೆ ಬೆವರುತ್ತಾ.

ಹೀಗೆ ನಡೆಯುತ್ತಿರುವಾಗ ಇಳಕಲ್ಲಿನ ಇರ್ಫಾನ್ ಮನೆಗೆ ಬಂದ. ಚಿಕ್ಕಂದಿನಲ್ಲಿ ನನ್ನ ಹತ್ತಿರ ಸರಿಗಮ ಕಲಿತವನು, ಈಗ ಸಿನಿಮಾಕ್ಕೆ ಸಂಗೀತ ಕೊಡುತ್ತಾನೆ. ಅವನ ಹೊಸ ಸಿನಿಮಾ ಖಾನಾವಳಿ ನಡೆಸುವ ಒಬ್ಬ ಹೆಂಗಸಿನ ಕತೆ. "ಕಾಕಾ, ತೆರಿ ಮ್ಯಾಲ ಅಡಿಗಿ ತೋರಿಸೂದು ಯಾರಿಗೂ ಬರತೈತಿ. ಇದರಾಗ ಡೈರೆಕ್ಟರ್ ಬರೇ ಆಕಿ ಮುಖ ತೋರಸ್ತಾರ. ಮಂದಿಗಿ ವಾಸನಿ ಬಡೀಬೇಕು. ಅದು ನಮ್ಮ ವಾದ್ಯದ ಕೆಲಸ" ಎಂದ. ದೊಡ್ಡ ವಾದ್ಯವೃಂದ ಬೇಕಂತೆ, ಅದೂ ಈ ಸೀಮೆಯ ಊಟ ಉಂಡವರದೇ ಆಗಬೇಕಂತೆ. ನಾನು ಇಲ್ಲ ಎನ್ನುವಷ್ಟರಲ್ಲಿ ಸುವರ್ಣಾ ಚಹಾ ತಂದಿಟ್ಟು, "ವಾಸನಿ ಅಂದ್ರ ಇವರನ್ನ ಬಿಟ್ಟು ಯಾರನ್ನ ಕೇಳ್ತೀಯಪಾ!" ಎಂದಳು.

ರೆಕಾರ್ಡಿಂಗಿಗೆ ನವನಗರದ ಒಂದು ಸಭಾಭವನ ಹಿಡಿದಿದ್ದರು. ಮದುವೆ ಬ್ಯಾಂಡಿನವರು, ಭಜನೆಯವರು, ನಾಟಕದ ಮೇಳದವರು, ಹುಬ್ಬಳ್ಳಿಯಿಂದ ಬಂದ ಪಿಟೀಲಿನವರು, ನೆಲಕ್ಕೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೋ ಹಿಡಿದ ಒಬ್ಬಾಕೆ, ಎಲ್ಲ ಸೇರಿ ಮೂವತ್ತು ಜನ. ಪ್ರತಿಯೊಬ್ಬರ ಮುಂದೆ ಸ್ವರ ಬರೆದ ಹಾಳೆಯ ಜೊತೆಗೆ ಒಂದೊಂದು ಸ್ಟೀಲ್ ಡಬ್ಬಿ. ಮುಚ್ಚಳ ಸರಿಸಿ, ಕಣ್ಣು ಮುಚ್ಚಿ ಮೂಸಬೇಕು, ಆ ವಾಸನೆಗೆ ತಕ್ಕ ಹಾಗೆ ನುಡಿಸಬೇಕು. ಇದು ಇರ್ಫಾನನ ಪದ್ಧತಿ. ಬ್ಯಾಂಡಿನ ಹುಸೇನಸಾಬರು ಬೆಳ್ಳುಳ್ಳಿ ಒಗ್ಗರಣೆಯ ಡಬ್ಬಿ ಮೂಸಿ, "ಇದು ಕ್ಲಾರ್ನೆಟ್‌ದಾಗ ಹಿಡಿಸೂದಿಲ್ಲಪಾ, ಇದಕ್ಕ ಟ್ರಂಪೆಟ್‌ನ ಬೇಕು" ಎಂದು ಪಕ್ಕದವನಿಗೆ ದಾಟಿಸಿದರು. ನನ್ನ ಸರದಿ ಬಂತು. ಡಬ್ಬಿಗೆ ಮೂಗು ಇಟ್ಟು ದೀರ್ಘವಾಗಿ ಎಳೆದುಕೊಂಡೆ. ಏನೂ ಇಲ್ಲ. ಮಲ್ಲಿಗೆ ಎಂದು ಊಹಿಸಿ ಯಮನ್ ರಾಗದಲ್ಲಿ ಎಷ್ಟು ಮೃದುವಾಗಿ ಆಗುತ್ತದೋ ಅಷ್ಟು ಮೃದುವಾಗಿ ಬಾರಿಸಿದೆ. ಕಣ್ಣು ತೆರೆದರೆ ಇಡೀ ಸಭಾಭವನ ನನ್ನನ್ನೇ ನೋಡುತ್ತಿದೆ. ಇರ್ಫಾನ್ ಮೆಲ್ಲಗೆ, "ಕಾಕಾ, ಅದು ಮೂರು ದಿನದ ಹಳಸಿದ ಸಾರು ರೀ" ಎಂದ.

ನಾನು ಪಿಟೀಲನ್ನು ಪೆಟ್ಟಿಗೆಗೆ ಸೇರಿಸಲು ಹೊರಟಿದ್ದೆ. ಆದರೆ ಕಲಾವಿದರನ್ನು ದೇವರೇ ಕಾಪಾಡಬೇಕು. ಇರ್ಫಾನನ ಕಣ್ಣಲ್ಲಿ ನೀರು! "ಹಳಸಿದ ಸಾರಿಗೂ ಇಷ್ಟು ಕರುಣಾ ತೋರಿಸಿದವರು ನೀವ ಒಬ್ರು. ಸಾರು ಚೆಲ್ಲೂ ಮುಂದ ಆ ಖಾನಾವಳಿ ಆಕಿ ಮನಸ್ಸಿನ್ಯಾಗ ಇರೂದು ಇದ" ಎಂದು ಕೈ ಹಿಡಿದುಕೊಂಡ. ಅಷ್ಟಕ್ಕೇ ಬಿಟ್ಟನೆ? ಸಿನಿಮಾದ ಮುಖ್ಯ ಘಟ್ಟವಾದ ಬೆಣ್ಣೆ ಕಾಸುವ ದೃಶ್ಯವನ್ನು ನನ್ನ ಪಿಟೀಲಿಗೆ ಬಿಟ್ಟುಕೊಟ್ಟ, ಜೊತೆಗೆ ಚೆಲ್ಲೋ ಮಾತ್ರ. ಈ ಸಲ ನಾನು ಡಬ್ಬಿ ಮುಟ್ಟಲಿಲ್ಲ. ಬೆರಳಿನಿಂದ ತಂತಿ ಚಿವುಟುತ್ತಾ ಚಟಪಟ ಶುರುಮಾಡಿದೆ, ಚೆಲ್ಲೋದವಳು ಕೆಳಗಿನ ಸ್ವರದಲ್ಲಿ ಗೊಣಗಿದಳು, ನಾನು ಚಿವುಟುವುದನ್ನು ಕಮ್ಮಿ ಮಾಡುತ್ತಾ ಮಾಡುತ್ತಾ ನಿಲ್ಲಿಸಿದೆ. ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಸುಮ್ಮನಾದರು. ಆಮೇಲೆ ಕಮಾನಿನಿಂದ ಒಂದೇ ಒಂದು ಉದ್ದನೆಯ ಸ್ವರ ಎಳೆದೆ. ಹುಸೇನಸಾಬರು ಕ್ಲಾರ್ನೆಟ್ ತೊಡೆಯ ಮೇಲಿಟ್ಟು, "ಯಾ ಅಲ್ಲಾ, ಹಸಿವಿ ಆತಲ್ಲೋ" ಎಂದರು. ಆ ಒಂದು ವರ್ಷದಲ್ಲಿ ವಾಸನೆಯ ವಿಷಯವಾಗಿ ನಾನು ಸುಳ್ಳಿಲ್ಲದೆ ಮಾಡಿದ ಕೆಲಸ ಅದೊಂದೇ. ನಿಜ ಹೇಳುತ್ತೇನೆ, ಬಹಳ ಹೆಮ್ಮೆಯಾಯಿತು.

ಸಿನಿಮಾ ಮುಗಿದ ಮೇಲೆ ಇಳಕಲ್ಲಿನ ಥಿಯೇಟರಿನಲ್ಲಿ ನುಡಿಸಿದವರ ಮನೆಯವರಿಗೆಂದೇ ಒಂದು ಬೆಳಗಿನ ಆಟ ಇಟ್ಟರು. ಸುವರ್ಣಾ ಹೊಸ ಇಳಕಲ್ ಸೀರೆ ಉಟ್ಟು, ನನ್ನ ಪಕ್ಕದಲ್ಲಿ ಮದುಮಗಳಂತೆ ಕೂತಿದ್ದಳು. ಬೆಣ್ಣೆಯ ದೃಶ್ಯ ಬಂತು. ತೆರೆಯ ಮೇಲೆ ಆ ಹೆಂಗಸಿನ ಮುಖ ಬಿಟ್ಟು ಬೇರೇನೂ ಇಲ್ಲ, ಒಲೆಯೂ ಇಲ್ಲ, ಪಾತ್ರೆಯೂ ಇಲ್ಲ. ನನ್ನ ಪಿಟೀಲು ಚಟಪಟ ಎಂದಿತು, ಚೆಲ್ಲೋ ಗೊಣಗಿತು, ಚಿಟಿಕೆಗಳು ವಿರಳವಾದವು, ನಿಂತವು. ಆ ನಿಶ್ಶಬ್ದದಲ್ಲಿ ಸುವರ್ಣಾ ಸೀಟಿನಿಂದ ಅರ್ಧ ಎದ್ದು, "ಇಳಸ್ರೀ!" ಎಂದು ಕೂಗಿದಳು. ಹಿಂದಿನ ಸಾಲಿನಲ್ಲೂ ಇಬ್ಬರು ಹೆಂಗಸರು ಅದನ್ನೇ ಅಂದರು. ಥಿಯೇಟರಿಗೆ ಥಿಯೇಟರೇ ಚಪ್ಪಾಳೆ ತಟ್ಟಿತು. ಇರ್ಫಾನ್ ಮುಂದಿನ ಸಾಲಿನಿಂದ ತಿರುಗಿ ನನಗೆ ಕೈ ಮುಗಿದ. ನಾನು ತಲೆಬಾಗಿಸಿ ಗೌರವ ಸ್ವೀಕರಿಸಿ ಈಚೆ ತಿರುಗಿದರೆ, ಸುವರ್ಣಾ ತೆರೆಯನ್ನು ಬಿಟ್ಟು ನನ್ನ ಮೂಗನ್ನೇ ನೋಡುತ್ತಿದ್ದಳು.

"ಅಲ್ರೀ," ಎಂದಳು ನಿಧಾನವಾಗಿ, "ಮೂಗಿಗಿ ಟಿ.ವಿ. ಸಪ್ಪಳ ಅಡ್ಡ ಬರತೈತೇನ್ರಿ?"

ನಾನು ಸಿನಿಮಾ ನೋಡುವವನಂತೆ ಕೂತೆ. ನವನಗರಕ್ಕೆ ಮರಳುವಾಗ ಬಸ್ಸು ಹುನಗುಂದ ದಾಟುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ, "ಎಂದಿನಿಂದ?" ಎಂದಳು. ಹೇಳಿದೆ. "ಅಂದ್ರ ಒಂದ ವರ್ಷ ನಾ ಅಡಿಗಿ ಮಾಡೀನಿ, ನೀವು ನಾಟಕ ಮಾಡೀರಿ. ಆ ಸೋಡಾ ನೀರು?" ನಾನು ಬಸ್ಸಿನ ಟಿಕೆಟ್ಟನ್ನು ಸಣ್ಣಗೆ ಮಡಿಸತೊಡಗಿದೆ. "ನಾ ಏನ್ ನಿಮ್ಮ ಮೂಗಿನ ಜೋಡಿ ಲಗ್ನ ಆಗೀನೇನು? ಒಂದ ಮಾತು ಹೇಳಿದ್ರ ನಾ ಏನ್ ಬಿಟ್ಟು ಹೋಗ್ತಿದ್ನಿ?" ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳ ಅಡುಗೆಗಿಂತ ಅವಳ ಕಣ್ಣಲ್ಲಿನ ನನ್ನ ಮರ್ಯಾದೆಯನ್ನೇ ನಾನು ಹೆಚ್ಚು ಪ್ರೀತಿಸಿದ್ದೆ ಎನ್ನುವುದು ಆ ಬಸ್ಸಿನ ಕಡೆಯ ಸೀಟಿನಲ್ಲಿ ಕುಲುಕಾಡುತ್ತಾ ಗೊತ್ತಾಯಿತು. "ತಪ್ಪಾತು" ಎಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಬುತ್ತಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ನನ್ನ ಕೈಗಿಟ್ಟು, "ಯಾಲಕ್ಕಿ ಹಾಕೀನಿ, ಗೊತ್ತಿರಲಿ" ಎಂದಳು.

ಅಂದಿನಿಂದ ವಾಸನೆಯ ಖಾತೆಯನ್ನು ಅವಳೇ ವಹಿಸಿಕೊಂಡಿದ್ದಾಳೆ. ತಾಟು ಇಟ್ಟು ಎದುರಿಗೆ ಕೂತು ಒಂದೊಂದನ್ನೂ ವಿವರಿಸುತ್ತಾಳೆ: ಕರಿಬೇವು ಹೀಗೆ, ಜೀರಿಗೆ ಹಾಗೆ, ಇಂದಿನ ಸಾರಿನ ಪರಿಮಳಕ್ಕೆ ಓಣಿಯೇ ತಿರುಗಿ ನೋಡಿತು ಎಂದು. ಮೊದಮೊದಲು ನನಗೆ ಕಣ್ಣು ತುಂಬಿ ಬರುತ್ತಿತ್ತು. ಈಚೆಗೆ ಒಂದು ಸಂಶಯ ಶುರುವಾಗಿದೆ. ನಿನ್ನೆ ಅವಳು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾ ಎಣ್ಣೆಗಾಯಿ ಮಾಡಿದಳು. ತಾಟಿಗೆ ಬಂದ ಬದನೆಕಾಯಿಗಳು ತಳಭಾಗದಲ್ಲಿ ಬಾಣಲೆಯಷ್ಟೇ ಕಪ್ಪಗಿದ್ದವು. ನಾನು ಅವುಗಳನ್ನು ನೋಡಿದೆ, ಅವಳನ್ನು ನೋಡಿದೆ. ಅವಳು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದು, "ಆಹಾ, ಏನ್ ಘಮ ಘಮ ಅನ್ನಾಕತ್ತೈತ್ರಿ!" ಎಂದಳು. ಒಂದು ವರ್ಷದ ಅನುಭವ ಇರುವ ನನಗೆ ಆ ಮುಖಭಾವ ಚೆನ್ನಾಗಿ ಗೊತ್ತು. ಆದರೆ ಯಾವ ಮೂಗಿನಿಂದ ಅಲ್ಲಗಳೆಯಲಿ? "ಹೌದ ನೋಡು" ಎಂದು ಇನ್ನೊಂದು ಹಾಕಿಸಿಕೊಂಡೆ.